ಹಗ್ಗ ಹಿಡಿದ ಭಾನುವಾರ

ತೆಂಗಿನ ತೋಟ ಇಟ್ಟುಕೊಂಡೂ ಅಟ್ಟ ಹತ್ತಲು ಹೆದರುವವನು ನಾನು. ಅಂಥವನು ಪರ್ವತ ಹತ್ತುವವರ ಸಾಕ್ಷ್ಯಚಿತ್ರ ನೋಡಬಾರದಿತ್ತು. ಹಳೇಬೀಡಿನ ನಮ್ಮ ಮನೆಯ ಸೋಫಾದಲ್ಲಿ ಕೂತಿದ್ದರೂ, ಟಿ.ವಿ.ಯಲ್ಲಿ ಒಬ್ಬ ಹಿಮದ ಗೋಡೆಗೆ ಅಂಟಿಕೊಂಡಾಗ ನನ್ನ ಅಂಗಾಲು ಬೆವರಿತು. ಇರಲಾರದೆ ಇರುವೆ ಬಿಟ್ಟುಕೊಂಡವರು ಎಂದು ಬೈದೆ. ಯಾಕೆ ಹತ್ತುತ್ತೀರಿ ಎಂದು ಕೇಳಿದರೆ ಅವರು ಒಬ್ಬೊಬ್ಬರೂ ಒಂದೊಂದು ದೊಡ್ಡ ಮಾತು ಹೇಳಿದರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನನ್ನ ಹೆಂಡತಿ, ಯಾಕೆ ಅಂತ ಇವರಿಗೇ ಗೊತ್ತಿಲ್ಲ ಬಿಡಿ ಎಂದು ನಕ್ಕಳು. ಆದರೆ ಕಣ್ಣು ತೆಗೆಯಲಿಲ್ಲ. ನನಗೆ ಭಯ ಶುರುವಾದದ್ದು ಆಗಲೇ.

ಕೆಲವೇ ದಿನಗಳಲ್ಲಿ ಅವಳು ಅರಸೀಕೆರೆ ಕಡೆಯ ಬಂಡೆಯೊಂದರಲ್ಲಿ ನಡೆಯುವ ಭಾನುವಾರದ ತರಬೇತಿಗೆ ಸೇರಿದಳು, ಐವತ್ತು ಹತ್ತಿರವಾಗುವ ವಯಸ್ಸಿನಲ್ಲಿ. ಸೀರೆಯನ್ನೂ ಬೇಲೂರಿನ ಅಂಗಡಿಯಲ್ಲಿ ನಾನು ಆರಿಸಿದ್ದನ್ನೇ ಉಟ್ಟವಳು. ಎಲ್ಲಿ ಬೀಳುತ್ತಾಳೋ ಎಂಬ ಭಯಕ್ಕೆ ಭಾನುವಾರ ಊಟ ಸೇರುತ್ತಿರಲಿಲ್ಲ. ಕೊನೆಗೆ ನಾನೂ ಜೊತೆಗೆ ಹೊರಟೆ.

ಸುಮ್ಮನೆ ನಿಂತಿರುವ ಬದಲು ಹಗ್ಗ ಹಿಡಿಯಿರಿ ಎಂದು ತರಬೇತುದಾರರು ನನ್ನ ಸೊಂಟಕ್ಕೂ ಪಟ್ಟಿ ಬಿಗಿದು ನಿಲ್ಲಿಸಿದರು. ಅವಳ ಸೊಂಟದ ಹಗ್ಗ ಬಂಡೆಯ ತುದಿಯ ಕೊಂಡಿಯನ್ನು ಹಾದು ನನ್ನ ಸೊಂಟಕ್ಕೆ ಬರುತ್ತಿತ್ತು. ಅವಳು ಏರಿದಂತೆ ಎಳೆದುಕೊಳ್ಳಬೇಕು, ಕೇಳಿದಾಗ ಸಡಿಲ ಬಿಡಬೇಕು. ಹಗ್ಗದ ಕೊನೆಯನ್ನು ಅವರೂ ಹಿಡಿದಿದ್ದರು.

ಅರ್ಧ ಹತ್ತಿ ಅವಳು ನಿಂತುಬಿಟ್ಟಳು. ಒಂದು ಕಾಲು ಬಂಡೆಯನ್ನು ತಡಕುತ್ತಿತ್ತು. ತೋಟದಲ್ಲಿ ಎಳನೀರಿನ ಗೊನೆ ಇಳಿಸುವಾಗ ಕೆಳಗಿನವನು ಹಗ್ಗ ಬಿಗಿಹಿಡಿದರೆ ಗೊನೆ ಉಳಿಯುತ್ತದೆ. ನನಗೆ ಗೊತ್ತಿದ್ದದ್ದು ಅಷ್ಟೇ. ಇದ್ದ ಬಲವೆಲ್ಲ ಹಾಕಿ ಜಗ್ಗಿ ಹಿಡಿದೆ. ಬಿಡಿ ಸಾರ್ ಎಂದು ತರಬೇತುದಾರರು ಹೇಳಿದ್ದು ಕಿವಿಗೆ ಬಿತ್ತು, ಕೈ ಕೇಳಲಿಲ್ಲ.

ಮೇಲಿಂದ ಅವಳ ದನಿ ಬಂತು, ದಡ್ಡ ಹುಡುಗರಿಗೆ ಲೆಕ್ಕ ಬಿಡಿಸಿ ತೋರಿಸುವಾಗಿನ ದನಿ.

“ರೀ, ನಾನು ಹೆದರಿ ನಿಂತಿಲ್ಲ. ಒಂದು ಗೇಣು ಕೆಳಗಿಳಿದು ಬಲಕ್ಕೆ ಹೋಗ್ಬೇಕು. ನೀವು ಬಿಡ್ತಾ ಇಲ್ಲ.”

“ಬಿದ್ದುಬಿಡ್ತೀಯ ಕಣೇ.”

“ಬಿದ್ರೆ ಆಗ ಹಿಡ್ಕೊಳ್ಳುವಿರಂತೆ. ಈಗ ಬಿಡಿ.”

ಬಿಟ್ಟೆ. ಅವಳು ಜಾರಿದಂತೆ ಕಂಡಿತು. ಜಾರಿರಲಿಲ್ಲ, ಇಳಿದಿದ್ದಳು. ಬಲಕ್ಕೆ ಸರಿದು, ಹಿಡಿ ಸಿಕ್ಕಿ, ನೋಡನೋಡುತ್ತಿದ್ದಂತೆ ತುದಿ ಮುಟ್ಟಿದಳು. ಅಲ್ಲಿ ಬಂಡೆಗೆ ಒರಗಿ ಕೂತಳು. ಆ ಮುಖವನ್ನು ಮದುವೆಯಾದಾಗಿನಿಂದ ನಾನು ನೋಡಿರಲಿಲ್ಲ. ಅವಳು ಕೆಳಗೆ ನೋಡಲೇ ಇಲ್ಲ.

ಈಗಲೂ ಭಾನುವಾರ ಹಗ್ಗ ಹಿಡಿಯಲು ಹೋಗುತ್ತೇನೆ. ಬೀಳುತ್ತಾಳೆಂಬ ಭಯ ಮೊದಲಿನಷ್ಟಿಲ್ಲ. ಸಾಕು, ಇಳಿದು ಬಾ ಎಂದು ನಾನು ಕೂಗಿದ ಮೇಲೆ ತುದಿಯಲ್ಲಿ ಕೂತ ಅವಳು ಏಳಲು ತೆಗೆದುಕೊಳ್ಳುವ ಹೊತ್ತು ಇದೆಯಲ್ಲ, ಅದಕ್ಕೆ ಹೆದರುತ್ತೇನೆ.