ದ್ರಾಕ್ಷಿ ತುಳಿದ ಕಂಡಕ್ಟರ್

ನಿವೃತ್ತರಾದ ಮೇಲೆ ಕಂಡಕ್ಟರರ ಮಾತಿಗೆ ಮನೆಯಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ. ಒಂದು ಸೀಟಿ ಊದಿ ಇಡೀ ಬಸ್ಸನ್ನೇ ನಿಲ್ಲಿಸುತ್ತಿದ್ದವರು ಈಗ ಬಾಯಿ ತೆರೆದರೆ ಸಾಕು, ಹೆಂಡತಿ ಮಿಕ್ಸಿ ಹಾಕುತ್ತಿದ್ದರು. ತಮ್ಮ ಮಾತು ಕೇಳುವ ನಾಲ್ಕು ಕಿವಿ ಸಿಕ್ಕರೆ ಸಾಕಪ್ಪಾ ಎಂದು ಒದ್ದಾಡುತ್ತಿದ್ದಾಗಲೇ ವೈನ್ ತೋಟದ ಧಣಿಯಿಂದ ಕರೆ ಬಂತು.

ಧಣಿಗೆ ಬೇಕಾಗಿದ್ದದ್ದು ಅವರ ಬಿಳಿ ಮೀಸೆ. ಅಲ್ಲಿ ದ್ರಾಕ್ಷಿ ಹಿಂಡುವುದೆಲ್ಲ ಯಂತ್ರವೇ. ಆದರೆ ಸಂಸ್ಕೃತಿಪ್ರಿಯ ಪ್ರವಾಸಿಗರು ದೂರದೇಶದಿಂದ ಯಂತ್ರ ನೋಡಲು ಬರುತ್ತಾರೆಯೇ? ಅವರಿಗೆ ಪರಂಪರೆ ಬೇಕು, ಅದೂ ಮಧ್ಯಾಹ್ನದ ಊಟಕ್ಕೆ ಮುಂಚೆ. ಹಾಗಾಗಿ ಜನ್ಮದಲ್ಲಿ ಒಂದು ತೊಟ್ಟು ವೈನ್ ಮುಟ್ಟದ ಕಂಡಕ್ಟರರು ಪ್ಯಾಂಟು ಮಡಚಿ ಮರದ ತೊಟ್ಟಿಗಿಳಿದು, ಐದನೇ ತಲೆಮಾರಿನ ದ್ರಾಕ್ಷಿ ತುಳಿಯುವ ಅಜ್ಜನಾದರು. ತುಳಿದ ರಸ ಹಿಂಬಾಗಿಲಿನಿಂದ ಚರಂಡಿ ಸೇರುತ್ತಿತ್ತು.

ಮೊದಲ ದಿನವೇ ಪ್ರವಾಸಿ ಮಹಿಳೆಯೊಬ್ಬಳು ತುಳಿಯುವಾಗಿನ ಹಾಡೆಲ್ಲಿ ಎಂದು ಕೇಳಿದಳು. ಧಣಿಯ ಮುಖ ಹುಳ್ಳಗಾಯಿತು. ಕಂಡಕ್ಟರರು ಗಂಟಲು ಸರಿಮಾಡಿಕೊಂಡು, ತಮಗೆ ಬಾಯಿಪಾಠವಾಗಿದ್ದ ಒಂದೇ ಒಂದನ್ನು ಎತ್ತಿಕೊಂಡರು.

“ಆಸ್ಪತ್ರೆ, ಗಡಿಯಾರದ ಕಂಬ, ಹಳೇ ಸೇತುವೆ, ಹುಡುಗೀರ ಶಾಲೆ, ಒಳಗೆ ನಡೀರಿ, ಒಳಗೆ ನಡೀರಿ.”

ಭಾಷೆ ತಿಳಿಯದ ಮಹಿಳೆ ಕಣ್ಣೊರೆಸಿಕೊಂಡಳು. ಅಂದಿನಿಂದ ಅವರು ಬಾಯಿ ಬಿಟ್ಟಾಗಲೆಲ್ಲ ಚಪ್ಪಾಳೆ. ಸ್ವರ್ಗಕ್ಕೆ ಮೂರೇ ಗೇಣು. ಹಳೇ ಸೇತುವೆ ಅವರದೇ ಮನೆಯ ಸ್ಟಾಪು, ಅಲ್ಲಿಗೆ ಬಂದಾಗ ದನಿ ತಾನಾಗಿಯೇ ಎಳೆಯುತ್ತಿತ್ತು.

ಪರಂಪರೆಗೆ ಹೆಸರು ಬಂದ ಮೇಲೆ ಧಣಿಗೆ ಅದನ್ನು ಸುಧಾರಿಸುವ ಚಪಲ ಹತ್ತಿತು. ಸಂಗೀತ ಕಲಿತ ಗಾಯಕನನ್ನು ಕರೆಸಿದರು. ಹಾಡಿನಲ್ಲಿರುವುದು ಬರೀ ಬಸ್ ಸ್ಟಾಪುಗಳೆಂದು ಅವನಿಗೂ ಗೊತ್ತಿತ್ತು, ಸಂಬಳವೆಷ್ಟೆಂದೂ ಗೊತ್ತಿತ್ತು. ಅಜ್ಜನ ಹಾಡಿನಲ್ಲಿ ಶುದ್ಧತೆ ಸಾಲದು ಎಂದು ಗಂಭೀರವಾಗಿ ತೀರ್ಪು ಕೊಟ್ಟ. ಇನ್ನು ಅಜ್ಜ ಬಾಯಿ ಮುಚ್ಚಿಕೊಂಡು ತುಳಿದರಾಯಿತು ಎಂದಾಯಿತು. ಮನೆಯಲ್ಲಿ ಮಿಕ್ಸಿ, ಇಲ್ಲಿ ಗಾಯಕ. ಕಂಡಕ್ಟರರು ಅದನ್ನೂ ನುಂಗಿಕೊಂಡರು.

ಆದರೆ ತಾಳಕ್ಕೆ ಕೂರುವುದಿಲ್ಲವೆಂದು ಗಾಯಕ ಒಂದು ದಿನ ಹಳೇ ಸೇತುವೆಯನ್ನೇ ಬಿಟ್ಟು ಶಾಲೆಗೆ ಹಾರಿದ. ತುಳಿಯುತ್ತಿದ್ದ ಕಾಲು ನಿಂತಿತು.

“ಸೇತುವೆ ಬಿಟ್ಟೋಯ್ತಲ್ಲಪ್ಪಾ,” ಎಂದರು ಕಂಡಕ್ಟರರು.

“ನೀವು ಸುಮ್ನೆ ತುಳೀರಿ ಸ್ವಾಮಿ,” ಎಂದು ಧಣಿ ಪ್ರವಾಸಿಗರತ್ತ ನಗುತ್ತಲೇ ಗದರಿದರು.

ಕೆಲಸದಲ್ಲಿದ್ದಷ್ಟು ಕಾಲ ಕಂಡಕ್ಟರರು ಯಾರ ಮನೆಯ ಸ್ಟಾಪನ್ನೂ ಹಾರಿಸಿದವರಲ್ಲ.

“ಇಳಿಯೋರಿದ್ದಾರೆ, ನಿಲ್ಸಿ,” ಎಂದು ಕೂಗಿ, ತೊಟ್ಟಿಯಿಂದಿಳಿದು, ಕೆಂಪು ಕಾಲಿನಲ್ಲೇ ಗೇಟು ದಾಟಿದರು.

ಅವತ್ತಿನಷ್ಟು ಚಪ್ಪಾಳೆ ಹಿಂದೆಂದೂ ಬಿದ್ದಿರಲಿಲ್ಲ. ಈಗ ಗಾಯಕ ಹಾಡನ್ನು ಅದೇ ಕೂಗಿನಿಂದ ಮುಗಿಸುತ್ತಾನೆ. ಇಡೀ ಹಾಡಿನಲ್ಲಿ ಅತಿ ಪ್ರಾಚೀನವಾದ ಸಾಲು ಅದೇ ಎಂದು ಧಣಿ ಪ್ರವಾಸಿಗರಿಗೆ ವಿವರಿಸುತ್ತಾರೆ.