ಮರಿಯ ಕಣ್ಣು, ಅತ್ತೆಯ ಪೊರೆ

ಬೆಕ್ಕಿನ ಮರಿಗಳು ಕಣ್ಣು ತೆರೆದಾಗ ನೀಲಿಗಣ್ಣಿನವೇ ಆಗಿರುತ್ತವೆ ಎಂಬುದು ನನಗೆ ಅರ್ಧಾಯುಷ್ಯ ಕಳೆದ ಮೇಲೆ ತಿಳಿದ ಸಂಗತಿ. ಈ ಜ್ಞಾನೋದಯಕ್ಕೆ ನನ್ನ ಪುಸ್ತಕದ ಬೀರುವೇ ಕಾರಣವಾದರೂ, ಅದು ಓದಿನಿಂದ ಬಂದದ್ದಲ್ಲ. ಅಜ್ಜಂಪುರದ ನಮ್ಮ ಮನೆಯಲ್ಲಿ, ನಿವೃತ್ತನಾದ ಮೇಲೆ ಓದೋಣವೆಂದು ಬೀರುವಿನ ಕೆಳಖಾನೆಯಲ್ಲಿ ಕೆಲವು ಘನಗ್ರಂಥಗಳನ್ನು ಕಾದಿರಿಸಿದ್ದೇನೆ. ಸದ್ಯಕ್ಕೆ ನಾನು ಅತ್ತ ಸುಳಿಯುವವನಲ್ಲ ಎಂಬ ಸತ್ಯವನ್ನು ನನಗಿಂತ ಮೊದಲೇ ಗ್ರಹಿಸಿದ ನಮ್ಮ ಬೆಕ್ಕು, ಅಲ್ಲಿಯೇ ನಿಶ್ಚಿಂತೆಯಿಂದ ಒಂದು ಮರಿ ಹಾಕಿತು. ಹೀಗೆ ಅಕ್ಷರಗಳ ನಡುವೆ ಒಂದು ಜೋಡಿ ಅಕ್ಷಿ ತೆರೆಯಿತು, ಮಬ್ಬು ನೀಲಿಯ ಅಕ್ಷಿ.

ಮರಿಯನ್ನು ಮೊದಲು ಎತ್ತಿಕೊಂಡವರು ಗೌರತ್ತೆ. ನಮ್ಮ ತಂದೆಯ ತಂಗಿಯಾದ ಇವರು ಶಿವನಿಯಿಂದ ಬಂದು ನಮ್ಮೊಡನೆ ನೆಲಸಿ ಬಹಳ ಕಾಲವಾಯಿತು. ನನ್ನನ್ನು ಎತ್ತಿ ಆಡಿಸಿದವರು, ಈಗಲೂ ಬೈದು ಬೆಳೆಸುತ್ತಿರುವವರು. ಮರಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದ ಅತ್ತೆ, ನನ್ನ ಹೆಂಡತಿ ಸುಧಾಳನ್ನು ಕೂಗಿ ಮರುಗಿದರು: “ಪಾಪ ಕಣೇ, ಹುಟ್ತಾನೇ ಪೊರೆ ಬಂದ್ಬಿಟ್ಟೈತೆ ಇದಕ್ಕೆ! ನಂಗಾದ್ರೆ ವಯಸ್ಸಾಯ್ತು, ಇದೇನು ಪಾಪ ಮಾಡಿತ್ತು?”

ಅತ್ತೆಗೆ ಎರಡು ಕಣ್ಣಿನಲ್ಲೂ ಪೊರೆ. ಬೇಗ ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ ಕಷ್ಟವೆಂದು ತರೀಕೆರೆಯ ಕಣ್ಣಿನ ವೈದ್ಯರು ಹೇಳಿದ್ದರು. ಆದರೆ ಹಿಂದೆಂದೋ ಅತ್ತೆಯ ಗೆಳತಿಯೊಬ್ಬರಿಗೆ ಚಿಕಿತ್ಸೆಯಾದ ಮೇಲೂ ದೃಷ್ಟಿ ಮರಳಿರಲಿಲ್ಲ. ಆ ಭಯ ಅತ್ತೆಯ ಮನಸ್ಸಿಗೂ ಒಂದು ಪೊರೆಯಾಗಿ ಕವಿದಿತ್ತು. ಹಾಲಿನ ಪಾತ್ರೆ ಎಂದುಕೊಂಡು ಕಾದ ಬಾಣಲೆಗೆ ಕೈಯಿಟ್ಟು ಬೆರಳು ಸುಟ್ಟುಕೊಂಡರೂ ಚಿಕಿತ್ಸೆಗೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕಡೂರಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನಾನು, ಪೊರೆ ಎಂಬ ಪದಕ್ಕೆ ಕಾಪಾಡು ಎಂಬ ಅರ್ಥವೂ ಉಂಟು, ಆದರೆ ನಿಮ್ಮ ಪೊರೆ ನಿಮ್ಮನ್ನು ಪೊರೆಯುವುದಿಲ್ಲ ಎಂದು ಶ್ಲೇಷೆಯ ಮೂಲಕ ಮನವೊಲಿಸಲು ಹೋದೆ. “ನಿನ್ ಪಾಠ ನಿನ್ ಹುಡುಗ್ರಿಗಿರ್ಲಿ” ಎಂದರು. ವಿದ್ಯಾರ್ಥಿಗಳ ಅಭಿಪ್ರಾಯವೂ ಇದಕ್ಕಿಂತ ಬಹಳ ಭಿನ್ನವಾಗಿರಲಾರದು.

ವಾರಗಳುರುಳಿದಂತೆ ಮರಿಯ ಕಣ್ಣಿನ ನೀಲಿ ಕರಗುತ್ತ ಬಂದು, ಬೇರೊಂದು ಹೊಳಪು ಮೂಡಿತು. ಒಂದು ಬೆಳಿಗ್ಗೆ ಅತ್ತೆ ಮರಿಯನ್ನು ಬಾಗಿಲ ಬೆಳಕಿಗೆ ಹಿಡಿದು ಜಯಘೋಷ ಮಾಡಿದರು: “ನೋಡ್ರೋ, ಹೊಗೆ ಹೋಗಿ ಜೇನಿನ ಬಣ್ಣ ಬಂದೈತೆ! ಯಾರು ಕುಯ್ದರು ಇದನ್ನ? ತಾನಾಗೇ ಹೋಯ್ತು ಪೊರೆ. ನಂದೂ ಹೋಗ್ತದೆ, ಕಾಯ್ರಿ.”

ಇದು ತಮಾಷೆಯಾಗಿರಲಿಲ್ಲ. ವೈದ್ಯರ ಎಚ್ಚರಿಕೆಗೆ ಪ್ರತಿಯಾಗಿ ಅತ್ತೆಗೆ ಈಗ ಜೀವಂತ ಸಾಕ್ಷಿಯೊಂದು ಸಿಕ್ಕಿತ್ತು. ಸುಧಾ ನಿಜಕ್ಕೂ ಗಾಬರಿಗೊಂಡಳು.

ಆ ದಿನಗಳಲ್ಲಿ ಪಕ್ಕದ ಮನೆಯ ಹಸುವನ್ನು ನೋಡಲು ಪಶುವೈದ್ಯೆ ರೇಖಾ ಬಂದಿದ್ದಳು. ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿನಿ. ಸುಧಾ ಅವಳನ್ನು ಕಾಫಿಗೆ ಕರೆದಳು. ಅತ್ತೆ ಮರಿಯನ್ನು ಅವಳ ಮಡಿಲಿಗಿಟ್ಟು ತಮ್ಮ ಸಿದ್ಧಾಂತವನ್ನು ಮಂಡಿಸಿದರು. ರೇಖಾ ನಗಲಿಲ್ಲ.

“ಅಜ್ಜಿ, ಇದಕ್ಕೆ ಪೊರೆ ಇರ್ಲೇ ಇಲ್ಲ. ಹುಟ್ಟಿದಾಗ ಮರಿಗಳ ಕಣ್ಣಲ್ಲಿ ಬಣ್ಣಾನೇ ತುಂಬಿರಲ್ಲ. ಬೆಳಕು ಅಲ್ಲಿ ಚದುರಿ ನೀಲಿಯಾಗಿ ಕಾಣ್ತದೆ, ಆಕಾಶ ಕಾಣೋ ಹಂಗೆ. ಬೆಳೀತಾ ಕಣ್ಣಿಗೆ ಅದರದ್ದೇ ಬಣ್ಣ ತುಂಬ್ಕೊಂತದೆ. ನಿಮ್ದು ಉಲ್ಟಾ. ಇದಕ್ಕೆ ಬರಬೇಕಾಗಿದ್ದು ಬಂತು. ನಿಮ್ಗೆ ಬಂದಿರೋದನ್ನ ತೆಗೀಬೇಕು.”

ಅತ್ತೆ ಮರಿಯನ್ನು ಮತ್ತೆ ತಮ್ಮ ಮಡಿಲಿಗೆ ಎಳೆದುಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: “ಹಂಗಾದ್ರೆ ತರೀಕೆರೆಗೆ ನೀನೂ ಬತ್ತೀಯೇನವ್ವ?”

“ನಾನು ದನದ ಡಾಕ್ಟ್ರು, ಅಜ್ಜಿ.”

“ಅದಕ್ಕೇ ಕರೀತಿರೋದು. ಮಾತು ಬರದೇ ಇರೋವುಕ್ಕೆ ಏನಾಗ್ತದೆ ಅಂತ ನಿಂಗೆ ತಿಳೀತದೆ. ಅಲ್ಲಿ ಹೆದರ್ಕೊಂಡು ನಂಗೂ ಬಾಯಿ ಬರಾಕಿಲ್ಲ.”

ರೇಖಾ ತನ್ನ ರಜೆಯ ದಿನ ಬಂದಳು. ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲವರೆಗೂ ಅತ್ತೆಯ ಕೈ ಅವಳ ಕೈಯಲ್ಲಿತ್ತು. ನಾನು ಹಿಂದೆ ಚೀಲ ಹಿಡಿದು ನಡೆದೆ. ಆ ಮೆರವಣಿಗೆಯಲ್ಲಿ ಭಾಷಾಶಾಸ್ತ್ರಕ್ಕೆ ಉಳಿದಿದ್ದ ಸ್ಥಾನ ಅದೊಂದೇ.

ಮರುದಿನ ಬಲಗಣ್ಣಿನ ಪಟ್ಟಿ ಬಿಚ್ಚಿದಾಗ ಅತ್ತೆ ಮೊದಲು ನೋಡಿದ್ದು ನನ್ನನ್ನು. ಅವರ ಮುಖ ಅರಳಿತು, ಆಮೇಲೆ ಯಾಕೋ ಕಳವಳಗೊಂಡಿತು. “ಲೇ, ಯಾವಾಗ ಕಣೋ ನಿನ್ ತಲೆ ಇಷ್ಟು ಬೆಳ್ಳಗಾಗಿದ್ದು?” ಎಂದು ಕೈ ಚಾಚಿ ನನ್ನ ಕೂದಲು ಮುಟ್ಟಿದರು. ಇಷ್ಟು ವರ್ಷ ಅವರ ಪಾಲಿಗೆ ನಾನು ಯುವಕನಾಗಿಯೇ ಉಳಿದಿದ್ದೆನಲ್ಲ ಎಂದು ನಗುತ್ತ, ಅವರ ಕೈಗೆ ಎಟಕುವಂತೆ ತಲೆ ಬಗ್ಗಿಸಿದೆ.

ಮನೆಗೆ ಬಂದವರೇ ಮರಿಯನ್ನು ಕರೆದು ನೋಡಿ ಬೆರಗಾದರು. “ಇದ್ಯಾರ ಮನೆ ಮರಿನೇ, ಸುಧಾ? ನಮ್ದು ಜೇನುಗಣ್ಣಿಂದಲ್ವಾ? ಇದರ ಕಣ್ಣು ಹಸಿರು!” ಮರಿ ನಮ್ಮದೇ. ಅದರ ಕಣ್ಣು ನಮಗೆಲ್ಲ ಹಸಿರಾಗಿಯೇ ಕಾಣುತ್ತಿತ್ತು. ಅಂದು ಜೇನಿನ ಬಣ್ಣವೆಂದಾಗ ಅತ್ತೆಯ ಸಂತೋಷಕ್ಕೆ ಅಡ್ಡಿಯೇಕೆಂದು ತಿದ್ದಿರಲಿಲ್ಲ. ಮರಿಯ ಕಣ್ಣಿಗೆ ಜೇನು ಸುರಿದದ್ದು ಅತ್ತೆಯ ಹಳದಿಗಟ್ಟಿದ ಪೊರೆ.

ಅಂದಿನಿಂದ ಅವರಿಗೆ ಅದೇ ಆಟವಾಯಿತು. ಒಂದು ಕಣ್ಣು ಮುಚ್ಚುವುದು, ನೋಡುವುದು. ಇನ್ನೊಂದು ಮುಚ್ಚುವುದು, ನೋಡುವುದು. “ಈ ಕಡೆಯಿಂದ ಹಳದಿ, ಈ ಕಡೆಯಿಂದ ಹಸಿರು” ಎಂದು ಸುಧಾಳಿಗೆ ವರದಿ ಒಪ್ಪಿಸುವರು. ಗೋಡೆ, ಸೀರೆ, ಅನ್ನ, ಮಲ್ಲಿಗೆ, ಎಲ್ಲವೂ ಎರಡೆರಡು ಸಲ ಪರೀಕ್ಷೆಗೆ ಒಳಗಾದವು. ಕಣ್ಣು ತೆರೆಯುವುದೇ ಒಂದು ಕೆಲಸ, ಕಂಡದ್ದರ ನಿಜವಾದ ಬಣ್ಣ ತಿಳಿಯುವುದು ಇನ್ನೊಂದು ಕೆಲಸ, ಎರಡಕ್ಕೂ ವಯಸ್ಸಿನ ಹಂಗಿಲ್ಲ ಎಂದು ಅವರನ್ನು ನೋಡುತ್ತ ನನಗನ್ನಿಸಿತು.

ಎಡಗಣ್ಣಿಗೆ ವೈದ್ಯರು ಗೊತ್ತುಮಾಡಿದ ದಿನ ನಾನಿನ್ನೂ ಹಲ್ಲುಜ್ಜುತ್ತಿದ್ದೆ. ಅತ್ತೆ ಇಸ್ತ್ರಿಯ ಸೀರೆಯುಟ್ಟು ಗೇಟಿನ ಹತ್ತಿರ ನಿಂತು ಕೂಗುತ್ತಿದ್ದರು: “ಹೊರಡೋ ಬೇಗ, ಬಸ್ ಹೋಯ್ತದೆ! ಇವತ್ತು ಆ ದನದ ಡಾಕ್ಟ್ರಮ್ಮ ಬರದಿದ್ರೂ ಪರ್ವಾಗಿಲ್ಲ, ನಾನೇ ಮಾತಾಡ್ತೀನಿ.”