ರೆಹಮತಬಿಯ ಫೋನು

ಮೊಬೈಲ್ ಟವರ್ ರಿಪೇರಿ ನನ್ನ ಕೆಲಸ. ಸವಣೂರು ಕಡೆಯ ಒಂದು ಹಳ್ಳಿಯಲ್ಲಿ ಟವರ್ ಕೆಟ್ಟು ಮೂರು ದಿನವಾಗಿತ್ತು. ಜನ ಬೈಯಲು ಕಾದಿರುತ್ತಾರೆ ಎಂದು ಅಂಜುತ್ತಲೇ ಹೋದೆ. ಯಾರೂ ತಿರುಗಿ ನೋಡಲಿಲ್ಲ.

ಟವರಿನ ಗೇಟಿನ ಕೀಲಿ ಇದ್ದದ್ದು ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ರೆಹಮತಬಿಯ ಹತ್ತಿರ. ಟವರ್ ನೋಡಬೇಕು ಎಂದಷ್ಟೇ ಹೇಳಿ ಕೀಲಿ ಕೇಳಿದೆ. ಆಕೆಯ ಮಷಿನ್ನಿನ ಪಕ್ಕ ಒಂದು ಫೋನಿತ್ತು. ಊರವರೇ ಕೂಡಿ, ಟವರಿನ ಹಂಗಿಲ್ಲದ ಕೇಬಲ್ ಇಂಟರ್ನೆಟ್ ಮೇಲೆ ಮನೆಮನೆಗೂ ಫೋನು ಹಾಕಿಕೊಂಡಿದ್ದರು. ಅದನ್ನು ನೋಡಿಕೊಳ್ಳುವವಳು ಈಕೆ. ನನ್ನೆದುರೇ ಒಂದು ಗುಂಡಿ ಒತ್ತಿ ಎಲ್ಲ ಮನೆಗೂ ಒಮ್ಮೆಲೇ ಹೇಳಿದಳು: "ತ್ರೀ ಫೇಸ್ ಕರೆಂಟ್ ಬಂದೈತ್ರಿ, ಎಲಿ ತೋಟಕ್ಕ ನೀರು ಬಿಟ್ಕೊಳ್ರಿ."

ಅಷ್ಟರಲ್ಲಿ ಅದೇ ಫೋನು ರಿಂಗಾಯಿತು. ಆ ಕಡೆ ಮಾತಿಲ್ಲ, ಬರೀ ನರಳಾಟ. ನಂಬರ್ ನೋಡಿದ್ದೇ ಆಕೆ ಆ ಮನೆಯ ನೆರೆಯವರಿಗೆ ಫೋನು ಮಾಡಿದಳು. "ಪಾರವ್ವ ಬಿದ್ದಾಳೇನೋ, ಲಗೂನ ಹೋಗ್ರಿ!"

ಐದು ನಿಮಿಷಕ್ಕೆ ಸುದ್ದಿ ಬಂತು. ಮುದುಕಿಯನ್ನು ಎತ್ತಿ ಕೂಡಿಸಿದ್ದರು. ಕಾಲು ಉಳುಕಿತ್ತು, ಅಷ್ಟೇ.

ನನಗೆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ಇಷ್ಟು ವರ್ಷ ಟವರ್ ಹತ್ತಿದ್ದೇನೆ, ಒಬ್ಬರೂ ನನ್ನ ಹೆಸರು ಕೇಳಿದವರಿಲ್ಲ.

"ಮಳಿಗಾಲದಾಗ ಇದು ನಡ್ಯಾಂಗಿಲ್ಲ ಬಿಡ್ರಿ" ಎಂದೆ.

"ಹೋದ ಮಳಿಗಾಲದಾಗೂ ನಡದೈತಲ್ರಿ" ಎಂದು ನಕ್ಕಳು.

ಎರಡು ತಾಸು ಟವರಿನ ಮೇಲೆ ಒದ್ದಾಡಿದ ಮೇಲೆ ಸಿಗ್ನಲ್ ಬಂತು. ಬೆವರು ಒರೆಸಿಕೊಂಡು, ಸ್ವಲ್ಪ ಎದೆಯುಬ್ಬಿಸಿಯೇ, ಕೀಲಿ ಕೊಡಲು ಹೋದೆ.

"ಟವರ್ ಚಾಲೂ ಆತ್ರಿ, ಅಕ್ಕಾ."

ಆಕೆ ಹೊಲಿಗೆ ನಿಲ್ಲಿಸಿ ತಲೆ ಎತ್ತಿದಳು. "ಅಯ್ಯ, ಬಂದ್ ಆಗಿತ್ತೇನ್ರಿ?"

ಅಣಕಿಸಿದ್ದರೆ ಒಂದು ಜಗಳವಾದರೂ ಆಡಬಹುದಿತ್ತು. ಆಕೆಗೆ ನಿಜವಾಗಿಯೂ ಗೊತ್ತಿರಲಿಲ್ಲ.